ಸೊಟ್ಟ ಕಿರುಬೆರಳಿನ ಗೊಂಬೆಗಳು

ಅಹಮದಾಬಾದಿನ ಸೀರೆ ಅಂಗಡಿಗಳಿಗೆ ಹೋದಾಗ ನನಗೊಂದು ಚಾಳಿ. ಸೀರೆ ನೋಡುವ ಮೊದಲು ಬಾಗಿಲಲ್ಲಿ ನಿಲ್ಲಿಸಿದ ಗೊಂಬೆಯ ಎಡಗೈ ನೋಡುತ್ತೇನೆ. ಹತ್ತು ಗೊಂಬೆಗಳಲ್ಲಿ ಮೂರು ನಾಲ್ಕರ ಕಿರುಬೆರಳು ಸೊಟ್ಟಗಿರುತ್ತದೆ, ಮೇಲಿನ ಗೆಣ್ಣಿನಿಂದ ಹೊರಕ್ಕೆ ತಿರುಗಿಕೊಂಡು. ಅಂಗಡಿಯವರಿಗೆ ಇದು ಗೊತ್ತಿಲ್ಲ. ಮೂವತ್ತು ವರ್ಷ ಆ ಕೈಗೆ ಬಳೆ ತೊಡಿಸಿದವರಿಗೆ, ದಿನ ಬೆಳಗಾದರೆ ಧೂಳು ಒರೆಸಿದವರಿಗೆ ಗೊತ್ತಿಲ್ಲ. ಅವರ ಕಣ್ಣೆಲ್ಲ ಗೊಂಬೆಯ ಸೊಂಟದ ಮೇಲೆ. ಹೆಣ್ಣನ್ನು ನೋಡುವ ಪದ್ಧತಿಯೇ ಹಾಗಿರುವ ಜನ ಗೊಂಬೆಯನ್ನು ಬೇರೆ ಥರ ನೋಡುತ್ತಾರೆ ಎಂದು ನಾನೇನೂ ಅಂದುಕೊಂಡಿಲ್ಲ.

ಆ ಬೆರಳು ಇಂದುಮತಿಯದು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದದ್ದನ್ನು ಗೋಕಾಕದ ಯಾವನೋ ನಾಟಿ ವೈದ್ಯ ಸೊಟ್ಟಗೇ ಕಟ್ಟಿ ಕಳಿಸಿದ. ಅದನ್ನು ಗುಜರಾತಿನ ಅಂಗಡಿ ಅಂಗಡಿಯಲ್ಲೂ ನಿಲ್ಲಿಸಿದವನು ಅವಳ ಗಂಡ ಜನಾರ್ದನ. ನಾನು ಹೇಳಹೊರಟಿದ್ದು ಇವನ ಕಥೆ. ನಮ್ಮ ಕನ್ನಡ ಸಂಘದ ಸಭೆಗಳಿಗೆ ಸೂರತ್ತಿನಿಂದ ಬರುತ್ತಿದ್ದ ಅವನನ್ನು ಗೊಂಬೆ ಜನಾರ್ದನ ಎನ್ನುತ್ತಿದ್ದರು, ಅವನ ಬೆನ್ನ ಹಿಂದೆ. ಬಾಹ್ಯಾಕಾಶ ಕೇಂದ್ರದವರು, ಬ್ಯಾಂಕಿನವರು, ರೈಲ್ವೆಯವರು ಎಂದು ಸಾಲಾಗಿ ಕೂರುವ ಸಭೆಯಲ್ಲಿ ಗೊಂಬೆಯವನಿಗೆ ಯಾವ ಸಾಲು? ಊಟದ ಹೊತ್ತಿಗೆ ಕುರ್ಚಿ ಎತ್ತಿಡಲು ಮಾತ್ರ ಅವನ ಹೆಸರು ಎಲ್ಲರಿಗೂ ನೆನಪಾಗುತ್ತಿತ್ತು. ಹಾಗೆ ಕರೆದವರಲ್ಲಿ ನಾನೂ ಒಬ್ಬಳು. ಹೆಸರು ಅನುರಾಧಾ, ವಿಮೆ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ಈಗ ಅಹಮದಾಬಾದಿನ ಸಿರಿವಂತರ ಬಡಾವಣೆಯಾದ ಬೋಡಕ್‌ದೇವ್‌ನ ಫ್ಲಾಟಿನಲ್ಲಿ ಕೂತು ಲೋಕದ ತಪ್ಪು ಹುಡುಕುವುದು ನನ್ನ ಕೆಲಸ.

ಜನಾರ್ದನನ ಮನೆತನದವರು ಗೋಕಾಕದಲ್ಲಿ ಗೊಂಬೆ ಮಾಡುವವರು. ಹಣ್ಣು, ಗಿಳಿ, ಗಣಪತಿ. ಹುಡುಗನ ಕೈ ಚೆನ್ನಾಗಿದೆ ಎಂದು ಡ್ರಾಯಿಂಗ್ ಮಾಸ್ತರರೊಬ್ಬರು ಹಟ ಹಿಡಿದು ವಡೋದರಾದ ಕಲಾ ಕಾಲೇಜಿಗೆ ಶಿಲ್ಪ ಕಲಿಯಲು ಕಳಿಸಿದರು. ಅಲ್ಲಿ ಅವನ ಕೊಠಡಿಯಲ್ಲೇ ಇದ್ದವನು ಮೈಸೂರಿನ ಸುಧೀರ್. ಇಬ್ಬರೂ ಒಂದೇ ಸ್ಟೋವಿನಲ್ಲಿ ಅನ್ನ ಬೇಯಿಸಿದವರು. ಪರೀಕ್ಷೆಗೆ ಮನುಷ್ಯಾಕೃತಿ ಮಾಡಬೇಕಾದಾಗ ಸುಧೀರನ ಮೂರ್ತಿಯ ಕೈ ಕಾಲುಗಳನ್ನು ಜನಾರ್ದನನೇ ಮಾಡಿಕೊಟ್ಟನಂತೆ. ಸುಧೀರನಿಗೆ ಕೈ ಕೆಲಸ ಬರುತ್ತಿರಲಿಲ್ಲ, ಮಾತು ಬರುತ್ತಿತ್ತು. ಅಂಥವರು ಕಲಾವಿದರಾದರು, ಕೆಲಸ ಬಂದವನು ಹೊಟ್ಟೆಪಾಡಿಗೆ ಸೂರತ್ತಿನ ರೈಲು ಹತ್ತಿದ.

ಸೂರತ್ತಿನಲ್ಲಿ ಆಗ ಬಟ್ಟೆಯ ಮಾರುಕಟ್ಟೆಗಳು ಒಂದರ ಮೇಲೊಂದು ಏಳುತ್ತಿದ್ದವು. ಅದಕ್ಕೆ ಮೊದಲು ಅಂಗಡಿಯವರು ಸೀರೆಯನ್ನು ಗೋಡೆಗೆ ನೇತು ಹಾಕುತ್ತಿದ್ದರು. ತೀರ ದೊಡ್ಡವರು ಮುಂಬಯಿಯಿಂದ ವಿದೇಶಿ ಗೊಂಬೆ ತರಿಸುತ್ತಿದ್ದರು. ಈ ಗೊಂಬೆಗಳ ವಂಶಾವಳಿಯನ್ನು ಜನಾರ್ದನ ಹೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಯುರೋಪಿನವರು ಮೊದಲು ಮೇಣದಲ್ಲಿ ಮಾಡಿದರು, ಗಾಜಿನ ಕಣ್ಣು, ನಿಜವಾದ ಕೂದಲು, ನಿಲ್ಲಲು ಕಬ್ಬಿಣದ ಪಾದ. ಅಷ್ಟೆಲ್ಲ ಮಾಡಿ ಕಿಟಕಿಯಲ್ಲಿಟ್ಟರೆ ಬಿಸಿಲಿಗೆ ಮುಖ ಕರಗುತ್ತಿತ್ತು. ಆಮೇಲೆ ಪ್ಲಾಸ್ಟರಿನಲ್ಲಿ ಮಾಡಿದರು, ಎತ್ತಲು ಇಬ್ಬರು ಗಂಡಸರು ಬೇಕು, ಮೂಗು ತಾಕಿದರೆ ಚೂರು. ಕಾಗದದ ಅಂಟಿನಲ್ಲಿ ಮಾಡಿದರು, ಮಳೆಗಾಲದಲ್ಲಿ ಉಬ್ಬಿತು. ಕಡೆಗೆ ಫೈಬರ್ ಬಂತು. ಇಷ್ಟು ವರ್ಷದ ಬುದ್ಧಿ ಖರ್ಚಾದರೂ ಗೊಂಬೆಯ ಹೊಟ್ಟೆಯನ್ನು ಅರ್ಧ ಇಂಚು ಮುಂದೆ ತರುವ ಧೈರ್ಯ ಯಾರಿಗೂ ಬರಲಿಲ್ಲ.

ಜನಾರ್ದನನಿಗೆ ಬಂತು. ಮದುವೆಯಾದ ಎರಡನೆಯ ವರ್ಷ ಸೂರತ್ತಿನ ವರಾಛಾದ ಒಂದು ಗಲ್ಲಿಯಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳ ಹಿಂದೆ, ತಗಡಿನ ಶೆಡ್ಡು ಹಿಡಿದು ಮೊದಲ ಗೊಂಬೆಗೆ ಕೂತ. ಕಬ್ಬಿಣದ ಸರಳು ಬಗ್ಗಿಸಿ ಅದರ ಮೇಲೆ ಜೇಡಿಮಣ್ಣು ಮೆತ್ತಿದ. ಮಾದರಿಗೆ ಇಂದುಮತಿಯನ್ನೇ ನಿಲ್ಲಿಸಿದ. ಅವಳು ಐದಡಿ ಒಂದಿಂಚು, ಬಣ್ಣ ಕಪ್ಪು, ಮೂಗು ಅಗಲ, ಆಗಷ್ಟೇ ಹೆತ್ತು ಎದ್ದ ಮೈ. ಒಲೆಯ ಮೇಲೆ ಬೇಳೆ ಇಟ್ಟು ಬಂದು ನಿಲ್ಲುತ್ತಿದ್ದಳಂತೆ, ಕುಕ್ಕರು ಕೂಗಿದರೆ ಓಡುತ್ತಿದ್ದಳಂತೆ. ನಾಲ್ಕು ತಿಂಗಳಾದ ಮೇಲೆ ಮಣ್ಣಿನ ಇಂದುಮತಿ ಎದ್ದು ನಿಂತಳು, ಹೊಟ್ಟೆ, ಸೊಟ್ಟ ಬೆರಳು ಎಲ್ಲ ಸಮೇತ. ಅದರ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿನೊಳಗೆ ಗಾಜಿನ ನಾರು ಹಾಸಿ, ರಾಳ ಬಳಿದು, ಎರಡು ಹೋಳು ಜೋಡಿಸಿ ಉಜ್ಜಿದ. ಆ ನಾರಿನ ಪುಡಿ ಮೈಗೆ ಹತ್ತಿದರೆ ವಾರಗಟ್ಟಲೆ ತುರಿಕೆ. ಅವನ ಎರಡೂ ಕೈ ಇವತ್ತಿಗೂ ಕೆಂಪಗಿವೆ.

ಆ ಗೊಂಬೆಯನ್ನು ಮಾರುಕಟ್ಟೆಯ ಒಬ್ಬ ಸೇಠನೂ ತೆಗೆದುಕೊಳ್ಳಲಿಲ್ಲ. ಒಬ್ಬ ಇದು ಅಡುಗೆಯವಳ ಹಾಗಿದೆ ಎಂದನಂತೆ. ಅವನ ಮನೆಯ ಹೆಂಗಸರು ಅದಕ್ಕಿಂತ ಎರಡು ಪಟ್ಟು ಇದ್ದರು, ಅದು ಬೇರೆ ಮಾತು. ಜನಾರ್ದನ ಅದೇ ಅಚ್ಚಿನಿಂದ ಇನ್ನೊಂದು ತೆಗೆದು ಅದರ ಸೊಂಟ ಕೆತ್ತಿದ, ಕಾಲು ಉದ್ದ ಮಾಡಿದ, ಮೂಗು ಚೂಪು ಮಾಡಿದ, ಬಿಳಿ ಬಣ್ಣ ಹೊಡೆದ. ಕೈಯನ್ನು ಮಾತ್ರ ಮುಟ್ಟಲಿಲ್ಲ. ಸೇಠರು ಕೈ ನೋಡುವುದಿಲ್ಲ ಎಂದು ಅವನಿಗೆ ತಿಳಿದುಹೋಗಿತ್ತು. ಆ ಗೊಂಬೆ ಓಡಿತು. ಎಷ್ಟು ಓಡಿತೆಂದರೆ ಅಕ್ಕಪಕ್ಕದ ಕಳ್ಳರು ಅಂಗಡಿಯಿಂದ ಒಂದು ಗೊಂಬೆ ಕೊಂಡು ಅದರ ಮೇಲೇ ಅಚ್ಚು ತೆಗೆದು ನೂರಾರು ಮಾಡಿ ಮಾರಿದರು. ಕದ್ದವರೂ ಬೆರಳು ನೋಡಲಿಲ್ಲ. ಹಾಗಾಗಿ ಕದ್ದ ಗೊಂಬೆಗಳ ಬೆರಳೂ ಸೊಟ್ಟ.

ಅಚ್ಚಿನಿಂದ ಮೊದಲು ಬಂದ ಗೊಂಬೆಯನ್ನು ಮಾರಬಾರದು ಎಂಬುದು ಗೋಕಾಕದ ಅವರ ಮನೆಯ ಕಟ್ಟಳೆ. ಅದಕ್ಕೆ ತಾಯಿ ಎನ್ನುತ್ತಾರೆ. ಅಚ್ಚು ಒಡೆದರೆ ತಾಯಿಯ ಮೇಲೆ ಮತ್ತೆ ಅಚ್ಚು ತೆಗೆಯಬಹುದು, ತಾಯಿ ಹೋದರೆ ಎಲ್ಲ ಹೋಯಿತು. ಆ ಲೆಕ್ಕದಲ್ಲಿ ಸೇಠರು ಬೇಡವೆಂದ ಆ ಮೊದಲ ಗೊಂಬೆಯೇ ಜನಾರ್ದನನ ಮನೆಯ ತಾಯಿಯಾಯಿತು. ತನ್ನ ಮೈಯೇ ಬತ್ತಲೆ ನಿಂತದ್ದು ಇಂದುಮತಿಗೆ ಸರಿಬರಲಿಲ್ಲ. ಹಳೆಯ ಇಳಕಲ್ ಸೀರೆಯೊಂದನ್ನು ಅದಕ್ಕೆ ಸುತ್ತಿದಳು, ಹರಿದಾಗ ಇನ್ನೊಂದು ಸುತ್ತಿದಳು. ಹಾಗೆ ಮೂವತ್ತೈದು ವರ್ಷ.

ನಾನು ತಾಯಿಯನ್ನು ನೋಡಿದ್ದು ತಾಪಿ ನದಿ ಸೂರತ್ತಿಗೆ ನುಗ್ಗಿದ ವರ್ಷ. ಆಗ ನಾನು ಅಲ್ಲಿನ ಕಚೇರಿಯಲ್ಲಿದ್ದೆ, ನೆರೆಯ ನಷ್ಟ ಪರಿಶೀಲಿಸಲು ಹೋಗಿದ್ದೆ. ಶೆಡ್ಡಿನ ಅಚ್ಚುಗಳೆಲ್ಲ ನೀರು ಕುಡಿದು ಹಿಟ್ಟಾಗಿದ್ದವು. ತಲೆ ಎತ್ತಿದರೆ ಸೀರೆ ಉಟ್ಟ ಹೆಂಗಸೊಬ್ಬಳನ್ನು ಚಾವಣಿಯ ತೊಲೆಗೆ ಅಡ್ಡಡ್ಡ ಕಟ್ಟಿ ಹಾಕಿದ್ದಾರೆ. ನಾನು ಹೆಣವೆಂದು ಹೆದರಿ ಕೆಸರಿನಲ್ಲಿ ಕೂತುಬಿಟ್ಟೆ. ನೀರು ಏರುವಾಗ ಗಂಡ ಹೆಂಡತಿ ಅಕ್ಕಿ ಬೇಳೆ ಬಿಟ್ಟು ಮೊದಲು ಇದನ್ನು ಕಟ್ಟಿದ್ದರಂತೆ. ನನಗೆ ಅವರು ದಡ್ಡರಂತೆ ಕಂಡರು. ಹದಿನಾರು ವರ್ಷದ ಅಚ್ಚುಗಳನ್ನು ನಾನು ಕಾಗದದಲ್ಲಿ ಒದ್ದೆಯಾದ ಪ್ಲಾಸ್ಟರು ಎಂದು ಬರೆದು ಸಹಿ ಹಾಕಿದೆ. ನನ್ನ ಇಲಾಖೆಯಲ್ಲಿ ಶಿಲ್ಪಕ್ಕೆ ಬೇರೆ ಕಾಲಂ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಅವನು ಆ ತಾಯಿಯ ಮೇಲೆ ಮತ್ತೆ ಅಚ್ಚು ತೆಗೆದು, ಮತ್ತೆ ಸೊಂಟ ಕೆತ್ತಿ, ಎರಡು ವರ್ಷದಲ್ಲಿ ಎದ್ದು ನಿಂತ.

ಆಮೇಲೆ ತಲೆಯಿಲ್ಲದ ಗೊಂಬೆಯ ಕಾಲ ಬಂತು. ಮುಖ ಇದ್ದರೆ ಗಿರಾಕಿಯ ಗಮನ ಬಟ್ಟೆಯ ಮೇಲಿರುವುದಿಲ್ಲವಂತೆ. ಆಮೇಲೆ ಚೀನಾದ ಪ್ಲಾಸ್ಟಿಕ್ ಗೊಂಬೆ ಬಂತು, ಅದಕ್ಕೆ ಕೈಯೂ ಇಲ್ಲ. ಜನಾರ್ದನನ ಶೆಡ್ಡಿನಲ್ಲಿ ಹನ್ನೆರಡು ಜನ ಇದ್ದದ್ದು ಇಬ್ಬರಾದರು. ಅವನಿಗೂ ಅರವತ್ತು ದಾಟಿ ಕೈ ನಡುಗತೊಡಗಿತು. ಹಳೆಯ ಗೊಂಬೆ ರಿಪೇರಿ ಮಾಡುವುದು, ಮುರಿದವನ್ನು ಹಿಂದಿನ ಶೆಡ್ಡಿಗೆ ಒಗೆಯುವುದು, ಇಷ್ಟೇ ಉಳಿಯಿತು.

ಕಳೆದ ವರ್ಷ ದೀಪಾವಳಿಗೆ ಸುಣ್ಣ ಹೊಡೆಯಲೆಂದು ಜನಾರ್ದನ ತಾಯಿಯನ್ನು ಎತ್ತಿ ಹಿಂದಿನ ಶೆಡ್ಡಿನಲ್ಲಿ ಇಟ್ಟ. ಸುಣ್ಣ ತಾಗಿ ಹಾಳಾದೀತೆಂದು ಸುತ್ತಿದ್ದ ಸೀರೆಯನ್ನು ಇಂದುಮತಿ ಬಿಚ್ಚಿ ಒಗೆಯಲು ಹಾಕಿದಳು. ಹಬ್ಬಕ್ಕೆ ಸೂರತ್ತೆಲ್ಲ ಬಾಗಿಲು ಮುಚ್ಚಿತು, ಇವರು ಗೋಕಾಕಕ್ಕೆ ಹೋದರು. ಅಲ್ಲಿಗೆ ಸುಧೀರನ ಫೋನು ಬಂತು, ಇಪ್ಪತ್ತು ವರ್ಷದ ಮೇಲೆ. ಒಂದು ದೊಡ್ಡ ಕಲಾಕೃತಿಗೆ ಹಳೆಯ ಮುರುಕು ಗೊಂಬೆಗಳು ಬೇಕು ಎಂದ. ಗೆಳೆಯ ನೆನಪಿಟ್ಟುಕೊಂಡಿದ್ದಾನೆ ಎಂದು ಜನಾರ್ದನ ಹಿಗ್ಗಿಹೋದ. ಹಿಂದಿನ ಶೆಡ್ಡಿನಲ್ಲಿರುವುದನ್ನು ಎಷ್ಟು ಬೇಕಾದರೂ ತೆಗೆದುಕೊಂಡು ಹೋಗು, ಬೀಗದ ಕೈ ಪಕ್ಕದ ಕಾರ್ಖಾನೆಯ ಕಾವಲುಗಾರನ ಹತ್ತಿರ ಇದೆ ಎಂದುಬಿಟ್ಟ. ತಾಯಿಯನ್ನು ಅಲ್ಲೇ ಇಟ್ಟು ಬಂದದ್ದು ಆ ಸಂತೋಷದಲ್ಲಿ ಅವನಿಗೆ ಮರೆತೇಹೋಗಿತ್ತು.

ದೀಪಾವಳಿ ಮುಗಿದು ಲಾಭಪಂಚಮಿಗೆ ಅಂಗಡಿಗಳು ತೆರೆದ ಮರುದಿನ ಕಿಶೋರ್‌ಭಾಯ್ ಎಂಬ ಕುರ್ತಿ ವ್ಯಾಪಾರಿ ಶೆಡ್ಡಿಗೆ ಬಂದ. ಅವನ ಕಂಪನಿಗೆ ದೊಡ್ಡ ಜ್ಞಾನೋದಯವಾಗಿತ್ತು. ಹೆಂಗಸರಿಗೆ ಹೊಟ್ಟೆ ಇರುತ್ತದೆ, ಕಡ್ಡಿಯಂಥ ಗೊಂಬೆ ನೋಡಿ ಗಿರಾಕಿಗಳು ಬೇಜಾರಾಗಿ ಹೋಗುತ್ತಿದ್ದಾರೆ ಎಂದು ಯಾರೋ ಓದಿದ ಹುಡುಗಿ ಅವರಿಗೆ ವರದಿ ಬರೆದು ಕೊಟ್ಟಿದ್ದಳು. ಅವನಿಗೆ ನಿಜವಾದ ಹೆಂಗಸಿನ ಹಾಗಿರುವ ಗೊಂಬೆ ಬೇಕಿತ್ತು, ಐವತ್ತೂ ಅಂಗಡಿಗಳಿಗೆ, ಒಂದು ತಿಂಗಳೊಳಗೆ ಮಾದರಿ. ಜನಾರ್ದನ ನೇರ ಹಿಂದಿನ ಶೆಡ್ಡಿಗೆ ಹೋದ. ಮೂವತ್ತೈದು ವರ್ಷದ ಮೇಲೆ ಯಾರೋ ಇಂದುಮತಿಯನ್ನು ಇದ್ದಹಾಗೆ ಕೇಳಿಕೊಂಡು ಬಂದಿದ್ದಾರೆ, ತೋರಿಸಿಬಿಡೋಣ ಎಂದು. ಹಿಂದಿನ ಶೆಡ್ಡು ಗುಡಿಸಿದ ಹಾಗಿತ್ತು. ಸುಧೀರನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ. ಎರಡು ವಾರ ಎತ್ತಲಿಲ್ಲ. ನಡುಗುವ ಕೈಯಲ್ಲಿ ಮತ್ತೊಂದು ಮಾಡಲು ಆಗುತ್ತಿರಲಿಲ್ಲ, ಮಾದರಿಗೆ ನಿಲ್ಲಲು ಆ ಇಪ್ಪತ್ತಾರರ ಇಂದುಮತಿಯೂ ಇರಲಿಲ್ಲ.

ಅಷ್ಟರಲ್ಲಿ ಸುಧೀರನ ಆಮಂತ್ರಣ ನನಗೆ ಬಂತು. ಬೋಡಕ್‌ದೇವ್‌ನ ಒಂದು ಗ್ಯಾಲರಿಯಲ್ಲಿ ಹನ್ನೆರಡು ಗೊಂಬೆಗಳ ಪ್ರದರ್ಶನ. ಸಂಘದ ಕಾರ್ಯದರ್ಶಿ ಎಂದು ನನ್ನನ್ನು ಕರೆದಿದ್ದ. ಕಾರ್ಡಿನ ಮೇಲೆ ತಲೆಯಿಲ್ಲದ ಒಂದು ಹೆಣ್ಣಿನ ಚಿತ್ರ, ಎಡಗೈ ಮುಂದೆ. ಬೆರಳು ನೋಡಿದವಳೇ ಅದನ್ನು ವಾಟ್ಸಾಪಿನಲ್ಲಿ ಜನಾರ್ದನನಿಗೆ ಕಳಿಸಿದೆ, ನಿನ್ನ ಗೆಳೆಯನ ಭಾಗ್ಯ ನೋಡು ಎಂದು ಬರೆದು. ಒಂದು ನಿಮಿಷದಲ್ಲಿ ಅವನ ಫೋನು ಬಂತು.

"ತಪ್ಪು ನಂದ ಐತ್ರಿ ಅಕ್ಕಾರ," ಎಂದ. "ಏನ್ ಬೇಕ ತಗೊಂಡ್ ಹೋಗು ಅಂದಾಂವ ನಾನ. ಆದ್ರ ತಲಿ ಕಡಿ ಅಂದಿಲ್ರಿ."

ಉದ್ಘಾಟನೆಯ ಸಂಜೆ ಗ್ಯಾಲರಿಯಲ್ಲಿ ಬೋಡಕ್‌ದೇವ್ ಎಲ್ಲ ಸೇರಿತ್ತು. ಖಾದಿ ಉಟ್ಟು ಕಾರಿನಲ್ಲಿ ಬಂದ ಹೆಂಗಸರು, ಪ್ರತಿ ಗೊಂಬೆಯ ಮುಂದೆ ಒಂದೊಂದು ನಿಮಿಷ ದುಃಖಪಡುತ್ತಿದ್ದ ಗಂಡಸರು. ಗೊಂಬೆಗಳಿಗೆ ಕಪ್ಪು ಬಣ್ಣ ಎರಚಿ ಸಾಲಾಗಿ ನಿಲ್ಲಿಸಿದ್ದರು. ಬಣ್ಣ ಎರಚದೆ ಬಿಟ್ಟದ್ದು ಒಂದನ್ನೇ, ಕೊನೆಯದು. ಹೊಟ್ಟೆ ಮುಂದಿದ್ದ, ಬತ್ತಲೆ ನಿಂತಿದ್ದ, ಕುತ್ತಿಗೆಗೆ ಗರಗಸ ಹಾಕಿದ ಇಂದುಮತಿ. ಬಿಳಿ ಗಡ್ಡದ ಸುಧೀರ್ ಮೈಕು ಹಿಡಿದು ಹೇಳುತ್ತಿದ್ದ, ಇವು ಯಾರ ಕೈಯೂ ಮುಟ್ಟದ ಯಂತ್ರದ ದೇಹಗಳು, ಇವುಗಳಿಗೆ ತಂದೆ ತಾಯಿ ಇಲ್ಲ ಎಂದು. ಒಬ್ಬ ವಿಮರ್ಶಕ ಆ ಸೊಟ್ಟ ಬೆರಳಿಗೆ ಮಾರುಹೋಗಿದ್ದ. ಅಷ್ಟು ಸಣ್ಣ ಊನದಲ್ಲಿ ಸುಧೀರ್ ಒಂದು ಜೀವಮಾನವನ್ನೇ ಹೇಳಿಬಿಟ್ಟಿದ್ದಾರೆ ಎಂದ. ಸುಧೀರ್ ವಿನಯದಿಂದ ತಲೆಬಾಗಿದ. ನನ್ನ ಮೈ ಉರಿದುಹೋಯಿತು, ಆದರೆ ಕೈಯಲ್ಲಿ ಶರಬತ್ತಿನ ಲೋಟ ಇತ್ತು, ಪಕ್ಕದಲ್ಲಿ ಪರಿಚಯದವರಿದ್ದರು. ಇನ್ನೊಂದು ಗುಟುಕು ಕುಡಿದೆ.

ಗಂಡ ಹೆಂಡತಿ ಒಳಗೆ ಬಂದದ್ದು ಆಗ. ಜನಾರ್ದನನ ಕೈಯಲ್ಲಿ ಒಂದು ಸ್ಪ್ಯಾನರು, ಇಂದುಮತಿಯ ಕೈಯಲ್ಲಿ ಬಟ್ಟೆಯ ಚೀಲ. ಯಾರ ಮುಖವನ್ನೂ ನೋಡದೆ ಇಬ್ಬರೂ ನೇರ ಕೊನೆಯ ಗೊಂಬೆಯ ಹತ್ತಿರ ಹೋದರು. ಇಂದುಮತಿ ಚೀಲದಿಂದ ಇಳಕಲ್ ಸೀರೆ ತೆಗೆದು, ನೆರಿಗೆ ಹಿಡಿದು, ಗೊಂಬೆಗೆ ಉಡಿಸಿದಳು. ಬತ್ತಲೆ ನಿಲ್ಲಿಸಿದ್ದು ತನ್ನನ್ನೇ ಎಂಬಂತೆ ಅವಳ ಕೈ ಅವಸರಪಡುತ್ತಿತ್ತು. ಫೋನುಗಳು ಮೇಲೆದ್ದವು. ಸೆರಗು ಹೊದಿಸುವಾಗ ಅವಳ ಎಡಗೈ ಗೊಂಬೆಯ ಎಡಗೈಯ ಪಕ್ಕ ಬಂತು. ಎರಡು ಸೊಟ್ಟ ಬೆರಳು ಅಷ್ಟು ಹತ್ತಿರ ಇದ್ದರೂ ಆ ಕಲಾರಸಿಕರಲ್ಲಿ ಒಬ್ಬನೂ ನೋಡಲಿಲ್ಲ.

ಜನಾರ್ದನ ಕುಕ್ಕರಗಾಲಲ್ಲಿ ಕೂತು ಕಾಲಿಗೆ ಸಿಕ್ಕಿಸಿದ ಸರಳಿನ ನಟ್ಟು ಬಿಚ್ಚತೊಡಗಿದ. ಸುಧೀರ್ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದ.

"ಜನಾರ್ದನ, ಇಲ್ಲಿ ಬೇಡ ಕಣೋ. ನಾಳೆ ಕೂತು ಮಾತಾಡೋಣ. ನಿನಗೆ ಬೇಕಾದ್ದು ಕೊಡ್ತೀನಿ."

ಜನಾರ್ದನ ತಲೆ ಎತ್ತಲಿಲ್ಲ. "ತಲಿ ಎಲ್ಲಿಟ್ಟಿಯೋ?" ಎಂದು ಕೇಳಿದ.

ಸುಧೀರನ ಮುಖ ನೋಡಬೇಕಿತ್ತು. ಗ್ಯಾಲರಿಯ ಒಡತಿ ನಿಕಿತಾಬೆನ್ ಗಾಬರಿಯಿಂದ ಬಂದು, ಇದು ಕಾರ್ಯಕ್ರಮದಲ್ಲಿ ಇದೆಯೇ, ಕಾವಲಿನವರನ್ನು ಕರೆಯಲೇ ಎಂದು ಗುಜರಾತಿಯಲ್ಲಿ ಕೇಳಿದಳು. ಸುಧೀರನಿಗೆ ಇದ್ದದ್ದು ಎರಡೇ ದಾರಿ. ಇಲ್ಲ ಎಂದರೆ ಯಾರಿವರು, ಯಾಕೆ ಬಂದರು ಎಂದು ಹೇಳಬೇಕು. ಅಷ್ಟು ಜನರ ಮುಂದೆ ಈ ದೇಹಗಳಿಗೆ ಒಬ್ಬ ತಂದೆ ಇದ್ದಾನೆ, ಅವನು ಇಲ್ಲೇ ಕೂತಿದ್ದಾನೆ ಎನ್ನಬೇಕು. ಸುಧೀರ್ ಮೈಕು ಎತ್ತಿಕೊಂಡ. ಇದು ಕೃತಿಯ ಕೊನೆಯ ಭಾಗ, ಒಬ್ಬ ಕಾರ್ಮಿಕ ದಂಪತಿ ದೇಹವನ್ನು ಮಾರುಕಟ್ಟೆಯಿಂದ ಬಿಡಿಸಿಕೊಂಡು ಹೋಗುತ್ತಾರೆ ಎಂದು ಇಂಗ್ಲಿಷಿನಲ್ಲಿ ಸಾರಿದ. ಆ ಕ್ಷಣದಲ್ಲೂ ಅವನಿಗೆ ಮಾತು ಬಂದದ್ದು ನೋಡಿ ನನಗೆ ಅಸಹ್ಯವಾಯಿತು. ಆಮೇಲೆ ತಗ್ಗಿದ ದನಿಯಲ್ಲಿ, ತಲೆ ಕೆಳಗೆ ಸ್ಟೋರ್ ರೂಮಿನಲ್ಲಿ ಪೇಪರು ಸುತ್ತಿ ಇಟ್ಟಿದೆ ಎಂದು ಜನಾರ್ದನನಿಗೆ ಕನ್ನಡದಲ್ಲಿ ಹೇಳಿದ.

ಜನಾರ್ದನ ಗೊಂಬೆಯನ್ನು ಹೆಗಲಿಗೇರಿಸಿ ಬಾಗಿಲ ಕಡೆ ನಡೆದ. ಜನ ದಾರಿ ಬಿಟ್ಟರು, ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣಲ್ಲಿ ನೀರಿತ್ತು. ಲಿಫ್ಟಿನಲ್ಲಿ ಹಿಡಿಸದೆ ಅವನು ಮೂರು ಮಹಡಿ ಮೆಟ್ಟಿಲಿಳಿದ. ಇಂದುಮತಿ ಪೇಪರು ಸುತ್ತಿದ ತಲೆಯನ್ನು ಸೊಂಟದ ಮೇಲಿಟ್ಟುಕೊಂಡು ಆಟೋ ಹತ್ತಿದಳಂತೆ. ಮೇಲೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ವಿಮರ್ಶಕ ಆ ಕೊನೆಯ ಭಾಗವನ್ನು ಪತ್ರಿಕೆಯಲ್ಲಿ ಹೊಗಳಿದ ಮೇಲೆ ಗೊಂಬೆಯನ್ನು ವಾಪಸು ಕೇಳಲು ಸುಧೀರನಿಗೆ ಬಾಯಿ ಬರಲಿಲ್ಲ. ಖಾಲಿ ನಿಂತ ಸರಳಿಗೆ ಒಂದು ಹೆಸರು ಕೊಟ್ಟು ಪ್ರದರ್ಶನ ಮುಗಿಯುವವರೆಗೂ ಇಟ್ಟ, ಅದನ್ನೂ ಜನ ನಿಂತು ನೋಡಿದರು. ಸೂರತ್ತಿನಲ್ಲಿ ಜನಾರ್ದನ ತಲೆ ಕೂಡಿಸಿ, ಹದಿನೈದು ದಿನದಲ್ಲಿ ಅಚ್ಚು ತೆಗೆದ. ಕುತ್ತಿಗೆಯ ಗೆರೆಯನ್ನು ಉಜ್ಜಿ ಅಳಿಸಬಹುದಿತ್ತು. ಅವನು ಅಳಿಸಲಿಲ್ಲ. ಕಿಶೋರ್‌ಭಾಯ್‌ನ ಅಂಗಡಿಗಳಲ್ಲಿ ಈಗ ಕಪ್ಪು ಬಣ್ಣದ, ಅಗಲ ಮೂಗಿನ ಐವತ್ತು ಇಂದುಮತಿಯರು ಹೊಟ್ಟೆ ಬಿಟ್ಟುಕೊಂಡು ನಿಂತಿದ್ದಾರೆ, ಕುತ್ತಿಗೆಯಲ್ಲಿ ಸಣ್ಣದೊಂದು ಗೆರೆ. ಅಂಗಡಿಯವರು ಅದರ ಮೇಲೆ ಮಣಿಸರ ಹಾಕಿ ಮುಚ್ಚುತ್ತಾರೆ.

ಕಳೆದ ತಿಂಗಳು ಸೂರತ್ತಿಗೆ ಹೋದಾಗ ಅವರ ಮನೆಗೆ ಹೋಗಿದ್ದೆ. ತಾಯಿ ಮುಂದಿನ ಕೋಣೆಯಲ್ಲಿ ಹೊಸ ಸೀರೆ ಉಟ್ಟು ನಿಂತಿದ್ದಳು. ಸುಧೀರನನ್ನು, ಆ ವಿಮರ್ಶಕನನ್ನು, ಅಲ್ಲಿ ಕಣ್ಣೀರಿಟ್ಟ ಮೂರ್ಖರನ್ನು ನಾನು ಮನಸಾರೆ ಬೈದೆ. ಸಂಘದಲ್ಲಿ ಕೂಡ ಈ ಕಥೆಯನ್ನು ಹತ್ತು ಸಲ ಹೇಳಿದ್ದೇನೆ, ಎಲ್ಲರಿಗೂ ಸುಧೀರನ ಬಣ್ಣ ತಿಳಿಯಲಿ ಎಂದು. ಉಳಿದವರ ಮಾತು ಬಿಡಿ, ನಾನು ಚಪ್ಪಾಳೆ ತಟ್ಟಿದ್ದು ಜನಾರ್ದನನಿಗಾಗಿಯೇ, ಅಂಗೈ ಕೆಂಪಾಗುವವರೆಗೂ ತಟ್ಟಿದೆ ಎಂದೆ.

ಇಂದುಮತಿ ಚಹಾ ತಂದು ನನ್ನ ಮುಂದೆ ಇಟ್ಟಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಚಪ್ಪಾಳಿ ಹೊಡಿಯೂ ಬದ್ಲಿ ಗೊಂಬೀದು ಒಂದ್ ಕಾಲ್ ಹಿಡದಿದ್ರ, ಮೆಟ್ಲಾ ಇಳ್ಯಾಕ ಇವ್ರಿಗೆ ಹಗೂರ ಆಗ್ತಿತ್ರಿ ಅಕ್ಕಾರ."

ನಾನು ಚಹಾ ಕುಡಿದೆ. ತುಂಬ ಬಿಸಿ ಇತ್ತು.